ಸರ್ಕಲ್ಲಿನಲ್ಲಿ ಇಳಿಸಿದ ಚಟ್ಟ

ಮೊದಲು ಮರೆತದ್ದನ್ನು ಬರೆದುಬಿಡುತ್ತೇನೆ. ಅದು ಯಾವ ವರ್ಷ ಎಂಬುದು ನನಗೆ ಖಚಿತವಿಲ್ಲ. ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರೇ ಇತ್ತು, ಭತ್ತದ ಲೆವಿ ಜಾರಿಯಲ್ಲಿತ್ತು, ಅಷ್ಟು ಗೊತ್ತು. ಮೊದಲ ಕಲ್ಲು ಎಸೆದವರು ಯಾರು ಎಂಬುದು ಆಗಲೂ ಗೊತ್ತಿರಲಿಲ್ಲ. ನನ್ನ ಜೀಪಿನ ಮುಂದಿನ ಗಾಜು ಒಡೆದದ್ದು ಆ ದಿನವೋ ಅದರ ಹಿಂದಿನ ದಿನವೋ ಎಂಬುದರಲ್ಲೂ ಅನುಮಾನವಿದೆ.

ಇದನ್ನು ಬರೆಯಲು ಈ ಮೊದಲು ಎರಡು ಸಲ ಕೂತಿದ್ದೆ, ಎರಡು ಸಲವೂ ಹರಿದು ಹಾಕಿದೆ. ಮೊದಲನೆಯದರಲ್ಲಿ ನಾನು ಬಹಳ ಧೈರ್ಯವಂತನಾಗಿದ್ದೆ. ಎರಡನೆಯದರಲ್ಲಿ ಬಹಳ ವಿನಯವಂತನಾಗಿದ್ದೆ. ಎರಡನ್ನೂ ಓದಿದಾಗ ಬೇರೆ ಯಾರದೋ ಶ್ರದ್ಧಾಂಜಲಿ ಸಭೆಯಲ್ಲಿ ಕೂತ ಹಾಗಾಯಿತು. ಈ ಸಲ ಕಂಡದ್ದನ್ನು ಬರೆಯುತ್ತೇನೆ. ಕಂಡದ್ದು ಸರಿಯೋ ಎಂದು ಅನುಮಾನ ಬಂದ ಕಡೆ ಅನುಮಾನವನ್ನೂ ಬರೆಯುತ್ತೇನೆ.

ನಾನು ಆಗ ಕೆ.ಆರ್. ಪೇಟೆಗೆ ತಹಸೀಲ್ದಾರ. ಹಳ್ಳಿಯವರ ಬಾಯಲ್ಲಿ ಇನ್ನೂ ಅಮಲ್ದಾರ್ರು. ಲೆವಿ ಎಂದರೆ, ಬೆಳೆದವನು ಇಂತಿಷ್ಟು ಭತ್ತವನ್ನು ಸರ್ಕಾರ ಗೊತ್ತು ಮಾಡಿದ ದರಕ್ಕೆ ಸರ್ಕಾರಕ್ಕೇ ಕೊಡಬೇಕು. ಕೊಡಿಸಬೇಕಾದವರು ನಾವು. ಮಾಕವಳ್ಳಿ ಕಡೆಯಿಂದ ಬರುವ ಗಾಡಿಗಳನ್ನು ತಡೆದು, ಮೂಟೆ ಇಳಿಸಿ, ತಾಲ್ಲೂಕು ಕಚೇರಿಯ ಆವರಣದಲ್ಲಿ ಒಟ್ಟಿಸಿದ್ದೆವು. ಮೂಟೆಗಳ ಹಿಂದೆಯೇ ಅವುಗಳ ಯಜಮಾನರು ಬಂದರು, ಯಜಮಾನರ ಹಿಂದೆ ಅವರ ಊರು ಬಂತು. ಕಲ್ಲು ಬಿತ್ತು, ಬಸ್ಸಿನ ಗಾಜು ಹೋಯಿತು, ಅಂಗಡಿಗಳು ಬಾಗಿಲು ಹಾಕಿದವು, ಒಂದು ಸುತ್ತು ಲಾಠಿಯೂ ಬೀಸಿದ್ದಾಯಿತು. ಪಾಂಡವಪುರದಿಂದ, ಅಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ತಾಲ್ಲೂಕಿನ ಮೇಲಿದ್ದ ಉಪವಿಭಾಗಾಧಿಕಾರಿಗಳಿಂದ, ನಿಷೇಧಾಜ್ಞೆ ಬಂತು. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಒಂದೆಡೆ ಸೇರುವಂತಿಲ್ಲ. ಮದುವೆ, ಶವಸಂಸ್ಕಾರಗಳ ವಿಷಯದಲ್ಲಿ ಸ್ಥಳದಲ್ಲಿರುವ ಮ್ಯಾಜಿಸ್ಟ್ರೇಟರು ವಿವೇಚನೆ ಬಳಸಬಹುದು. ಸ್ಥಳದಲ್ಲಿದ್ದ ಮ್ಯಾಜಿಸ್ಟ್ರೇಟ್ ನಾನೇ.

ಆಜ್ಞೆಯನ್ನು ಊರಿಗೆ ತಿಳಿಸುವ ಬಗೆ ಒಂದೇ. ತಮಟೆ ಹೊಡೆಸಿ ಸಾರುವುದು. ತಮಟೆ ಸದ್ದು ಕೇಳಿದರೆ ಏನೋ ಇದೆ ಎಂದು ಹೊರಗೆ ಬರುವುದು ನಮ್ಮ ಕಡೆಯ ಜನರ ಅಭ್ಯಾಸ. ಹೀಗಾಗಿ ಐದು ಜನ ಸೇರಬಾರದು ಎಂದು ಸಾರುವವನ ಸುತ್ತ ಬೀದಿ ಬೀದಿಯಲ್ಲೂ ಗುಂಪು. ಸಬ್ ಇನ್ಸ್‌ಪೆಕ್ಟರರು ಹಿಂದಿನಿಂದ ಸೈಕಲ್ಲಿನಲ್ಲಿ ಬಂದು ಗುಂಪು ಚದರಿಸುತ್ತಿದ್ದರು.

"ಕೇಳಿದ್ದಾಯ್ತಲ್ಲ, ನಡೀರಲಾ ಒಳಕ್ಕೆ!"

"ಪೂರ್ತಿ ಕೇಳಿಸ್ಲಿಲ್ಲ ಸಾರ್, ಇನ್ನೊಂದ್ಸಲ ಏಳ್ಸಿ."

ಸಬ್ ಇನ್ಸ್‌ಪೆಕ್ಟರರು ನಾಗಮಂಗಲ ತಾಲ್ಲೂಕಿನವರು. ದಪ್ಪ ಆಳು, ಊರಿನ ಭಾಷೆಯನ್ನೇ ಆಡುತ್ತಿದ್ದರು, ಯಾರನ್ನೇ ಬೈದರೂ ಅವರ ಅಪ್ಪನ ಆರೋಗ್ಯ ವಿಚಾರಿಸಿಕೊಂಡೇ ಬೈಯುತ್ತಿದ್ದರು. ಅವರ ಜೊತೆಗೆ ಶ್ರೀರಂಗಪಟ್ಟಣದ ಕಡೆಯಿಂದ ಎರಡು ವ್ಯಾನುಗಳಲ್ಲಿ ಮೀಸಲು ಪೊಲೀಸರು ಬಂದಿದ್ದರು. ಆ ಮೀಸಲು ಪಡೆಯ ಅಧಿಕಾರಿ ಬಿಜಾಪುರದ ಕಡೆಯವರು, ತೆಳ್ಳಗೆ, ಕಟ್ಟುನಿಟ್ಟು. ಬಂದ ಗಳಿಗೆಯಲ್ಲೇ ನನ್ನನ್ನು ಕೇಳಿದ್ದರು: "ಸಾಹೇಬ್ರ, ಆರ್ಡರ್ ನಿಮ್ಮ ಬಾಯಿಂದ ಬರಬೇಕು. ನೀವು ಎಲ್ಲಿ ನಿಂದರತೀರಿ?" ಬಲಪ್ರಯೋಗಕ್ಕೆ ಮ್ಯಾಜಿಸ್ಟ್ರೇಟನ ಮಾತು ಬೇಕು. ಸರ್ಕಲ್ಲಿಗೆ ಎದುರಾಗಿದ್ದ ಒಂದು ಕಟ್ಟಡದ ಜಗುಲಿಯ ಮೇಲೆ ನಿಲ್ಲುತ್ತೇನೆ ಎಂದೆ. ಅದು ಠಾಣೆಯ ಜಗುಲಿಯೋ, ಮುಚ್ಚಿದ್ದ ಹೋಟೆಲಿನ ಜಗುಲಿಯೋ ಈಗ ಹೇಳಲಾರೆ. ಕಾಲ ಕೆಳಗೆ ಕೆಂಪು ಗಾರೆ ಇತ್ತು.

ಹೀಗಿರುವಾಗ ಪೇಟೆ ಬೀದಿಯಲ್ಲಿ ಒಬ್ಬ ಮುದುಕರು ತೀರಿಕೊಂಡರು.

ಬೆಳಿಗ್ಗೆ ಸಬ್ ಇನ್ಸ್‌ಪೆಕ್ಟರರು ಬಂದು ಸುದ್ದಿ ಹೇಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಏಟಿನಿಂದಲೇ?" ಎಂಬುದು.

"ಏಟೆಲ್ಲಿಂದ ಬಂತು ಸಾರ್, ಆ ಮನುಷ್ಯಂಗೆ ಮಗ್ಗುಲಾಗೋಕೂ ಇನ್ನೊಬ್ರು ಬೇಕಿತ್ತು. ವಯಸ್ಸಾಗಿತ್ತು, ಓದ್ರು. ಆದ್ರೆ ಬಸ್ ಸ್ಟಾಂಡಲ್ಲಿ ಆಗ್ಲೇ ಬೇರೆ ಮಾತು ಎದ್ದದೆ. ಲಾಠಿ ಏಟು ತಿಂದು ಸತ್ರು ಅಂತಾವ್ರೆ. ಮಲಗಿದ್ದೋರಿಗೆ ಮನೆ ಒಳೀಕೋಗಿ ಒಡದ್ನಾ ನಾನು?"

"ಮನೆಯವರು ಏನನ್ನುತ್ತಾರೆ?"

"ಮನೆಯೋರು ಪಾಪ ಏನೂ ಅಂತಿಲ್ಲ. ಅದೇ ನಂಗೆ ಭಯ."

ಮುದುಕರ ಮಗನಿಗೆ ಪೇಟೆ ಬೀದಿಯಲ್ಲಿ ಅಂಗಡಿಯಿತ್ತು. ಹಗ್ಗ, ನೇಗಿಲಿನ ಕುಳ, ಗುದ್ದಲಿ, ಬಾಂಡ್ಲಿ ಇಂಥವು. ಭತ್ತ ಬೆಳೆಯುವವನಲ್ಲ, ಲೆವಿಗೂ ಅವನಿಗೂ ಸಂಬಂಧವಿಲ್ಲ. ಗಲಾಟೆಯ ಹಿಂದಿನ ದಿನ ಸಾಮಾನು ತರಲು ಪಾಂಡವಪುರಕ್ಕೆ ಹೋಗಿದ್ದವನು ಬಸ್ಸು ನಿಂತು ಅಲ್ಲೇ ಸಿಕ್ಕಿಹಾಕಿಕೊಂಡಿದ್ದ. ಚಿನಕುರಳಿಯವರೆಗೆ ಒಂದು ಲಾರಿ, ಅಲ್ಲಿಂದಾಚೆ ಯಾರದೋ ಸೈಕಲ್ಲು, ಹೀಗೆ ಬಂದು ಮುಟ್ಟುವಷ್ಟರಲ್ಲಿ ಅಪ್ಪನ ಬಾಯಿಗೆ ತುಳಸಿ ನೀರು ಬಿಟ್ಟಿದ್ದಾಗಿತ್ತು. ಮುದುಕರು ಮಗನನ್ನು ಕೇಳಿದ್ದರಂತೆ. ಬಂದ, ಬರ್ತಾನೆ, ಬರ್ತಾವ್ನೆ ಎಂದು ಹೆಂಗಸರು ಹೇಳುತ್ತಲೇ ಇದ್ದರಂತೆ.

ಅವನು ಕಚೇರಿಗೆ ಬಂದಾಗ ಮೈ ತುಂಬ ದಾರಿಯ ಧೂಳು ಹಾಗೇ ಇತ್ತು. ಜೊತೆಯಲ್ಲಿ ಸತ್ತವರ ತಮ್ಮ, ಅವನ ಚಿಕ್ಕಪ್ಪ. ತಲೆಗೆ ಸುತ್ತಿದ ಟವಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮಾತಿಗೆ ನಿಂತವರು ಚಿಕ್ಕಪ್ಪನೇ.

ಊರಿನ ಸ್ಮಶಾನ ಹೊಸಹೊಳಲು ರಸ್ತೆಯ ಆಚೆಗೆ. ಅಲ್ಲಿಗೆ ಹೋಗಲು ಎರಡು ದಾರಿ. ಒಂದು ಪೇಟೆ ಬೀದಿಯಿಂದ ಸರ್ಕಲ್ಲಿಗೆ ಬಂದು ಹೋಗುವುದು. ಇನ್ನೊಂದು ಮನೆಗಳ ಹಿಂದಿನ ಓಣಿಯಿಂದ ಕೆರೆ ಏರಿ ಹತ್ತಿ ಇಳಿಯುವುದು. ಓಣಿಯಿಂದ ಕೊಂಡೊಯ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಗಂಟೆಯೊಳಗೆ ಮುಗಿಯುತ್ತದೆ ಎಂದು ಸಬ್ ಇನ್ಸ್‌ಪೆಕ್ಟರರು ಹೇಳಿದರು.

"ಆ ದಾರೀಲಿ ಯಾರ್ನ ತಕ್ಕಂಡೋಗ್ತಾರೆ ಅಂತ ನಿಮಗೆ ಗೊತ್ತಿಲ್ವಾ ಇನಿಸ್ಪೆಟ್ರೇ?" ಎಂದರು ಚಿಕ್ಕಪ್ಪ. "ನೇಣಾಕ್ಕಂಡೋರ್ನ, ಬಾವಿಗ್ ಬಿದ್ದೋರ್ನ. ನಮ್ಮಣ್ಣ ಮಲಗಿದ್ದಲ್ಲೇ ಮಾನವಾಗಿ ಓಗವ್ನೆ. ಅವ್ನಿಗ್ಯಾಕೆ ಆ ಓಣಿ?"

"ಮತ್ತೆ ಸರ್ಕಲ್ನಾಗೆ ಬತ್ತೀನಿ ಅಂದ್ರೆ ಆ ಮೀಸಲು ಪೋಲೀಸ್ರು ಹೂವಾಕ್ತಾರಾ?"

ಆಗ ಮಗ ಮಾತಾಡಿದ. ಅವನ ಸ್ವರ ನನಗೆ ನೆನಪಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಮಾತು ನೆನಪಿದೆ.

"ಸರ್ಕಲ್ಲಲ್ಲಿ ಕಲ್ಲದೆ ಸ್ವಾಮಿ. ನಮ್ಮ ತಾತನ್ನ ಅಲ್ಲೇ ಇಳಿಸಿದ್ದು, ನಮ್ಮವ್ವನ್ನೂ ಅಲ್ಲೇ ಇಳಿಸಿದ್ದು. ಅಲ್ಲಿಳಿಸಿ ಮೂರು ಸಲ ಕರೀಬೇಕು. ಬದುಕಿದ್ದಾಗ ಅಪ್ಪ ಕರೆದ್ರು, ನಾನಿರಲಿಲ್ಲ. ನಾನಿನ್ನೂ ಕರೆದೇ ಇಲ್ಲ ಸ್ವಾಮಿ."

ಈ ರೂಢಿ ತಿಳಿಯದವರಿಗಾಗಿ ಹೇಳಬೇಕು. ಮನೆಗೂ ಸ್ಮಶಾನಕ್ಕೂ ನಡುವೆ ಒಂದು ಕಡೆ ಚಟ್ಟವನ್ನು ನೆಲಕ್ಕೆ ಇಳಿಸುತ್ತಾರೆ. ಮಗ ಬಗ್ಗಿ ಸತ್ತವರ ಕಿವಿಯಲ್ಲಿ ಮೂರು ಸಲ ಕೂಗಿ ಕರೆಯುತ್ತಾನೆ. ಮೂರಕ್ಕೂ ಓಗೊಡದಿದ್ದರೆ ಹೊತ್ತವರು ಮುಂದಿನವರು ಹಿಂದಕ್ಕೆ, ಹಿಂದಿನವರು ಮುಂದಕ್ಕೆ ಬದಲಾಗಿ ಮತ್ತೆ ಎತ್ತುತ್ತಾರೆ. ಅಲ್ಲಿಂದ ಮುಂದೆ ಅದು ಹೆಣ. ಅಲ್ಲಿಯವರೆಗೆ ಅಪ್ಪನೇ. ಕೆ.ಆರ್. ಪೇಟೆಯಲ್ಲಿ ಆ ಜಾಗ ಸರ್ಕಲ್ಲಿನ ಅಂಚಿನಲ್ಲಿ ನೆಲಕ್ಕೆ ಹೂತ ಒಂದು ಚಪ್ಪಟೆ ಕಲ್ಲು. ಸರ್ಕಲ್ಲು ಆಮೇಲೆ ಬಂದದ್ದು, ಕಲ್ಲು ಮೊದಲಿಂದ ಇದ್ದದ್ದು. ನಾನು ಪಾಲಹಳ್ಳಿಯವನು. ನಮ್ಮಲ್ಲಿ ಅದಕ್ಕೆ ಕಲ್ಲಿಲ್ಲ, ನಾಲೆಯ ಪಕ್ಕ ಒಂದು ಹೊಂಗೆಮರದ ಬುಡವಿದೆ. ಹಾಗಾಗಿ ಮಗನ ಮಾತಿನಲ್ಲಿ ನನಗೆ ವಿಶೇಷ ಕಾಣಲಿಲ್ಲ. ಎಲ್ಲರ ಅಪ್ಪಂದಿರನ್ನೂ ಎಲ್ಲೋ ಒಂದು ಕಡೆ ಇಳಿಸುತ್ತಾರೆ. ನಾನು ಯೋಚಿಸುತ್ತಿದ್ದುದು ಎಷ್ಟು ಜನ ಎಂಬುದನ್ನು.

ಸಬ್ ಇನ್ಸ್‌ಪೆಕ್ಟರರು ಅದನ್ನೇ ಬೆರಳು ಮಡಿಸಿ ಎಣಿಸುತ್ತಿದ್ದರು. "ಒರೋರು ನಾಲ್ಕು ಜನ. ಅಲ್ಲಿಗೆ ಆರ್ಡರ್ ಪ್ರಕಾರ ಸರಿಹೋಯ್ತು. ಮುಂದೆ ಬೆಂಕಿ ಮಡಕೆ ಇಡ್ಕಂಡು ಮಗ. ಐದು. ಐದಾದ ಕೂಡ್ಲೆ ನಾನು ಅರೆಸ್ಟ್ ಮಾಡ್ಬೇಕು." ನನ್ನ ಕಡೆ ತಿರುಗಿದರು. "ಎಣವನ್ನೂ ಲೆಕ್ಕಕ್ಕೆ ತಕ್ಕಬೇಕಾ ಸಾರ್?"

ಅವರು ತಮಾಷೆ ಮಾಡುತ್ತಿರಲಿಲ್ಲ. ನಾನೂ ನಗಲಿಲ್ಲ. ಚಿಕ್ಕಪ್ಪ ಮಾತ್ರ ಸಣ್ಣಗೆ ನಕ್ಕರು. "ನಮ್ಮಣ್ಣ ಯಾವತ್ತೂ ಗುಂಪಿಗೆ ಸೇರ್ದೋನಲ್ಲ, ಬುಡಿ."

ಉಪಾಯ ಹೇಳಿದವರೂ ಅವರೇ. ಹೊರುವವರು ನಾಲ್ವರು ಮೊದಲು. ಮಡಕೆ ಹಿಡಿದ ಮಗ ಅವರಿಗಿಂತ ಹತ್ತು ಮಾರು ಮುಂದೆ ಒಬ್ಬನೇ. ಹಿಂದೆ ಬರುವವರು ನಾಲ್ಕು ನಾಲ್ಕು ಜನರಾಗಿ, ಪ್ರತಿ ನಾಲ್ವರ ನಡುವೆ ಹತ್ತು ಮಾರು ಜಾಗ ಬಿಟ್ಟು. ಎಲ್ಲೂ ಐವರು ಸೇರಿದಂತೆ ಆಗುವುದಿಲ್ಲ. "ನಿಮ್ಮ ಆರ್ಡರ್ರೂ ಉಳೀತದೆ, ನಮ್ಮ ಮರ್ಯಾದೇನೂ ಉಳೀತದೆ."

ಇದು ಬುದ್ಧಿವಂತಿಕೆಯ ಮಾತು ಎಂದು ನಮಗೆಲ್ಲ ಅನ್ನಿಸಿತು. ನಾನು ಒಪ್ಪಿದೆ. ಘೋಷಣೆ ಕೂಗಬಾರದು, ಹೊತ್ತು ಇಳಿಯುವುದರೊಳಗೆ ಮುಗಿಯಬೇಕು, ತಮಟೆ ಬೇಡ ಎಂದೆ. ತಮಟೆ ಬೇಡ ಎಂದದ್ದಕ್ಕೆ ಚಿಕ್ಕಪ್ಪನಿಗೆ ನಿಜಕ್ಕೂ ಬೇಜಾರಾಯಿತು.

"ತಮಟೆ ಇಲ್ದೆ ತಕ್ಕಂಡೋದ್ರೆ ಕದ್ದ ಮಾಲು ಸಾಗಿಸ್ದಂಗಾಯ್ತದೆ ಸ್ವಾಮಿ."

"ತಮಟೆ ಬಡಿದರೆ ತಾಲ್ಲೂಕೇ ಬರುತ್ತೆ."

"ಅದೂ ದಿಟವೇ," ಎಂದು ಒಪ್ಪಿಕೊಂಡರು.

ಮಧ್ಯಾಹ್ನ ಆ ಮನೆಗೆ ಒಬ್ಬ ಹುಡುಗಾಟದ ವಯಸ್ಸು ದಾಟಿದ ರೈತ ಮುಖಂಡ ಹೋಗಿದ್ದನಂತೆ. ಗಲಾಟೆಯ ಮುಂದಾಳು. ಖಾದಿ ಜುಬ್ಬ, ಗಟ್ಟಿ ಗಂಟಲು. ಇದನ್ನು ನಾನು ನೋಡಲಿಲ್ಲ, ಸಬ್ ಇನ್ಸ್‌ಪೆಕ್ಟರರು ಹೇಳಿದ್ದು. ಅವರಿಗೆ ಯಾರೋ ಹೇಳಿದ್ದು. ಹಾಗಾಗಿ ಮಾತುಗಳು ಎಷ್ಟು ಕೈ ಬದಲಾಗಿವೆಯೋ ತಿಳಿಯದು.

"ಅಣ್ಣ, ನೀನು ಒಂದ್ ಮಾತು ಆಡ್ಬೇಡ. ಸುಮ್ಕಿರು ಸಾಕು. ಮಿಕ್ಕಿದ್ದು ನಾವು ನೋಡ್ಕತೀವಿ. ನಿಮ್ಮಪ್ಪನ ಎಸ್ರು ವಿಧಾನಸೌಧದವರ್ಗೂ ಓಯ್ತದೆ."

"ನಮ್ಮಪ್ಪ ಸ್ಮಶಾನದವರ್ಗೂ ಓದ್ರೆ ಸಾಕು ಕಣಪ್ಪ," ಎಂದನಂತೆ ಮಗ.

ಬಿಸಿಲು ತಗ್ಗುವ ಹೊತ್ತಿಗೆ ಚಟ್ಟ ಎದ್ದಿತು. ನಾನು ಜಗುಲಿಯ ಮೇಲೆ. ಪಕ್ಕದಲ್ಲಿ ಮೀಸಲು ಪಡೆಯ ಅಧಿಕಾರಿ. ಎದುರಿಗೆ ಸರ್ಕಲ್ಲಿನ ಆಚೆ ಬದಿಗೆ ಅವರ ಜನ ಸಾಲಾಗಿ, ಲಾಠಿ ನೆಲಕ್ಕೂರಿ. ಸಬ್ ಇನ್ಸ್‌ಪೆಕ್ಟರರು ನನ್ನ ಜೊತೆ ಇರಲಿಲ್ಲ. ನಾಲ್ಕು ನಾಲ್ಕರ ನಡುವೆ ಹತ್ತು ಮಾರು ಇದೆಯೇ ಎಂದು ನೋಡಲು ಸಾಲಿನ ಕೊನೆಗೆ ಹೋಗಿದ್ದರು. ಇದು ಮುಖ್ಯ.

ಮೊದಲು ಮಗ ಬಂದ, ಹಗ್ಗ ಕಟ್ಟಿದ ಮಡಕೆ ಹಿಡಿದು, ಖಾಲಿ ಬೀದಿಯಲ್ಲಿ ಒಬ್ಬನೇ. ಆಮೇಲೆ ಚಟ್ಟ. ಆಮೇಲೆ ಚಿಕ್ಕಪ್ಪ ಮತ್ತು ಮೂವರು. ಆಮೇಲೆ ನಾಲ್ವರು. ಮತ್ತೆ ನಾಲ್ವರು. ಸದ್ದಿಲ್ಲ. ಮನೆಯ ಮುಂದೆ ಹೆಣ ಹೋದರೆ ಎದ್ದು ನಾಲ್ಕು ಹೆಜ್ಜೆಯಾದರೂ ಹಿಂದೆ ನಡೆಯಬೇಕು ಎಂಬುದು ಅಲ್ಲಿಯ ಮರ್ಯಾದೆ. ಮುಚ್ಚಿದ ಬಾಗಿಲುಗಳು ತೆರೆದವು. ಪ್ರತಿ ಜಗುಲಿಯಲ್ಲೂ ಗಂಡಸರು ತಮ್ಮನ್ನು ತಾವೇ ಎಣಿಸಿಕೊಳ್ಳುತ್ತಿದ್ದರು. ಮೂವರಿದ್ದ ಕಡೆ ಎದುರು ಮನೆಯಿಂದ ಒಬ್ಬನನ್ನು ಕರೆದುಕೊಂಡರು. ಐವರಿದ್ದ ಕಡೆ ಒಬ್ಬನನ್ನು ಹಿಂದಕ್ಕೆ ತಳ್ಳಿದರು.

"ನೀನು ಆ ಕಡೆ ಓಗ್ಲಾ, ನಾವು ಆಗ್ಲೇ ನಾಲ್ಕು ಆಗಿದ್ದೀವಿ."

"ನಾನ್ ಮೊದ್ಲೇ ನಿಂತಿದ್ದೆ ಕಣ್ಲಾ!"

ಇದನ್ನೆಲ್ಲ ಒಟ್ಟಿಗೆ ಬಿಟ್ಟಿದ್ದರೆ ಒಂದು ಗುಂಪಾಗುತ್ತಿತ್ತು. ಗುಂಪೆಂದರೆ ಅಷ್ಟೇ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಣ್ಣಾಡಿಸಿದರೆ ಮುಗಿಯುತ್ತದೆ. ಈಗ ಅದು ಎಳೆದುಕೊಂಡು ಪೇಟೆ ಬೀದಿಯ ಈ ತುದಿಯಿಂದ ಆ ತಿರುವಿನ ಆಚೆಗೂ ಹೋಗಿತ್ತು. ಆಚೆ ಎಷ್ಟಿದೆ ಎಂದು ಕಾಣಿಸುತ್ತಿರಲಿಲ್ಲ. ಆಜ್ಞೆಯನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದರಿಂದಲೇ ಅಂಥ ಮೆರವಣಿಗೆಯಾಯಿತು.

ಬಿಜಾಪುರದ ಅಧಿಕಾರಿ ತುಟಿಯಲ್ಲೇ ಎಣಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಬಿಟ್ಟುಬಿಟ್ಟರು. "ಇನ್ನೂ ಎಷ್ಟು ನಾಲ್ಕು ಅದಾವ್ರೀ ನಿಮ್ಮ ಊರಾಗ?" ಎಂದರು.

ಚಟ್ಟ ಕಲ್ಲಿನ ಹತ್ತಿರ ಬಂತು. ಇಳಿಸಿದರು.

ಇಲ್ಲಿ ಒಂದು ಮಾತು. ಬೆಳಿಗ್ಗೆಯಿಂದ ನಾನು, ಸಬ್ ಇನ್ಸ್‌ಪೆಕ್ಟರರು, ಚಿಕ್ಕಪ್ಪ ಎಷ್ಟೋ ಮಾತಾಡಿದ್ದೆವು. ಮಾರು ಎಷ್ಟು, ಜನ ಎಷ್ಟು, ತಮಟೆ ಬೇಕೋ ಬೇಡವೋ. ಆ ಅಧಿಕಾರಿಗೂ ದಾರಿ ಹೇಳಿದ್ದೆವು, ಹೊತ್ತು ಹೇಳಿದ್ದೆವು. ಚಟ್ಟವನ್ನು ಅವರ ಮುಂದೆಯೇ ನೆಲಕ್ಕೆ ಇಳಿಸುತ್ತಾರೆ ಎಂಬುದನ್ನು ಯಾರೂ ಹೇಳಿರಲಿಲ್ಲ. ಮುಚ್ಚಿಟ್ಟದ್ದಲ್ಲ. ಹೇಳಬೇಕಾದ ಸಂಗತಿ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಊಟಕ್ಕೆ ಕೂತವರು ಎಲೆಯ ಮೇಲೆ ನೀರು ಚಿಮುಕಿಸುತ್ತಾರೆ ಎಂದು ಯಾರಾದರೂ ಮುಂಚಿತವಾಗಿ ಹೇಳುತ್ತಾರೆಯೇ?

ಅವರು ಕಂಡದ್ದು ಇಷ್ಟು. ಗಲಾಟೆಯ ಊರಿನ ಜನ ಒಂದು ಹೆಣವನ್ನು ಹೊತ್ತು ತಂದು ಪೊಲೀಸರ ಸಾಲಿನ ಎದುರಿಗೆ ಸರ್ಕಲ್ಲಿನಲ್ಲಿ ಇಟ್ಟರು. ಮುಂದಿನವರು ನಿಂತರು. ನಿಂತಾಗ ಹಿಂದಿನ ನಾಲ್ವರು ಬಂದು ಸೇರಿದರು, ಅವರ ಹಿಂದಿನವರೂ ಬಂದು ಸೇರಿದರು. ಹತ್ತು ಮಾರು ಐದಾಯಿತು, ಎರಡಾಯಿತು, ಇಲ್ಲವಾಯಿತು. ಯಾರೂ ಯಾರನ್ನೂ ಕರೆಯದೆ ನೂರಾರು ಜನರ ಗುಂಪು ಅಲ್ಲಿ ತನ್ನಷ್ಟಕ್ಕೆ ತಾನೇ ಕಟ್ಟಿಕೊಂಡಿತು.

"ಹೆಣಾ ಇಟ್ಟು ಧರಣಿ ಕೂಡ್ರಾಕ ಹತ್ಯಾರ," ಎಂದರು ಅಧಿಕಾರಿ. "ಇದಕ್ಕೇನ್ರೀ ನೀವು ಪರ್ಮಿಷನ್ ಕೊಟ್ಟದ್ದು?"

ಮಗ ಮಡಕೆಯನ್ನು ಪಕ್ಕಕ್ಕಿಟ್ಟು ಬಗ್ಗಿದ.

"ಅಪ್ಪಾ!"

ಗುಂಪಿನೊಳಗಿಂದ ಎದ್ದ ಆ ಒಂದು ಕೂಗಿಗೆ ಅಧಿಕಾರಿಯ ಕೈ ಸೀಟಿಗೆ ಹೋಯಿತು. ನಾನು ಅವರಿಗೆ ವಿವರಿಸಲು ಬಾಯಿ ತೆರೆದೆ. ಏನು ಹೇಳಿದೆ ಎಂಬುದು ಅಳಿಸಿಹೋಗಿದೆ. "ಅಪ್ಪಾ!" ಎರಡನೆಯದು. ಸೀಟಿ ಊದಿದರು. ಅವರ ಸಾಲು ಲಾಠಿ ಎತ್ತಿಕೊಂಡು ಎರಡು ಹೆಜ್ಜೆ ಮುಂದೆ ಬಂತು. ತಯಾರಾಗಿ ನಿಲ್ಲಲು ನನ್ನ ಮಾತು ಬೇಕಿರಲಿಲ್ಲ. ಮುಂದಿನದಕ್ಕೆ ಬೇಕಿತ್ತು.

ಹೊತ್ತಿದ್ದ ನಾಲ್ವರೂ ಹೆದರಿದರು. ಗಬಕ್ಕನೆ ಚಟ್ಟ ಎತ್ತಿ, ಸ್ಥಾನ ಬದಲಾಯಿಸುವುದನ್ನೂ ಮರೆತು, ನಾಲ್ಕಾರು ಹೆಜ್ಜೆ ಓಡಿಯೇಬಿಟ್ಟರು.

"ಇಳಿಸ್ರಲಾ," ಎಂದ ಮಗ.

ನಿಲ್ಲಲಿಲ್ಲ.

"ಇಳಿಸ್ರಲಾ ಅಂದೆ! ಇನ್ನೊಂದದೆ."

"ಬಾರಣ್ಣೋ, ತಲೆ ಒಡೀತಾರೆ," ಎಂದ ಹೊತ್ತವರಲ್ಲೊಬ್ಬ.

"ಒಡೀಲಿ ಬುಡ್ಲಾ. ವಾಪಸ್ ತಂದು ಇಳಿಸು."

ಅವರು ತಂದರು. ಆ ನಾಲ್ಕು ಜನ, ಎದುರಿಗೆ ಎತ್ತಿದ ಲಾಠಿಗಳ ಸಾಲಿರುವಾಗ, ಹೋಗಬಹುದಾಗಿದ್ದ ದಾರಿಯನ್ನು ಬಿಟ್ಟು ಹಿಂದಕ್ಕೆ ಬಂದು ಚಟ್ಟವನ್ನು ಮತ್ತೆ ಕಲ್ಲಿನ ಮೇಲೆ ಇಳಿಸಿದರು. ದೂರದಿಂದ ನೋಡುವವರಿಗೆ ಅದು ಸವಾಲಿನಂತೆಯೇ ಕಾಣಬೇಕು. ಹೊರಟಿದ್ದ ಹೆಣವನ್ನು ಬೇಕೆಂದೇ ಹಿಂದಕ್ಕೆ ತಂದು ಇಟ್ಟರು ಎಂದು. ಅದೇ ಹೊತ್ತಿಗೆ ಗುಂಪಿನ ಎಡಗಡೆಯಿಂದ ಜುಬ್ಬದ ಮುಖಂಡನ ಗಂಟಲು ಎದ್ದಿತು. "ಲೆವಿ ಸರ್ಕಾರಕ್ಕೆ—"

"ಲೇ, ಮುಚ್ಚಲಾ ಬಾಯ!" ಚಿಕ್ಕಪ್ಪ ತಿರುಗಿದ್ದರು. ಟವಲು ಕೈಯಲ್ಲಿತ್ತು, ಅದನ್ನೇ ಬೀಸಿದರು. "ಎಣ ಕೆಳಗದೆ. ಈಗ ಕೂಗೋನು ಮಗ ಒಬ್ನೇ. ನಿಮ್ಮಪ್ಪನ್ನ ತಂದಾಗ ನೀನು ಕೂಗುವಂತೆ, ಬಾ!"

ಯಾರೋ ನಕ್ಕರು. ನಗು ಅರ್ಧಕ್ಕೇ ನಿಂತಿತು.

"ಆರ್ಡರ್ ಕೊಡ್ರಿ ಸಾಹೇಬ್ರ," ಎಂದರು ಅಧಿಕಾರಿ. ಗಟ್ಟಿಯಾಗಿ ಹೇಳಲಿಲ್ಲ. ಕಚೇರಿಯಲ್ಲಿ ಫೈಲು ಕೇಳುವವರ ಹಾಗೆ ಕೇಳಿದರು.

ಹರಿದು ಹಾಕಿದ ಮೊದಲ ಬರಹದಲ್ಲಿ ನಾನು ಜಗುಲಿಯಿಂದ ಇಳಿದು ಪೊಲೀಸರ ಮುಂದೆ ಕೈ ಅಗಲಿಸಿ ನಿಂತಿದ್ದೆ. ಎರಡನೆಯದರಲ್ಲಿ ನಡುಗುತ್ತಾ ಸುಮ್ಮನಿದ್ದೆ. ನಾನು ಇಳಿದಿರಲಾರೆ. ಕೆಂಪು ಗಾರೆ ಕಾಲ ಕೆಳಗೆ ಇದ್ದದ್ದು ನೆನಪಿದೆಯಲ್ಲ, ಅದು ಕೊನೆಯವರೆಗೂ ಇದೆ. ನಾನು ಅಂದದ್ದು ಇಷ್ಟೇ ಇರಬೇಕು:

"ಇನ್ನೊಂದು ಇದೆ."

"ಇನ್ನೊಂದು ಏನು?"

"ಕೂಗು. ಮೂರು ಸಲ ಕರೆಯಬೇಕು. ಎರಡಾಗಿದೆ."

"ಯಾರನ್ನ?"

"ಸತ್ತವರನ್ನ."

ಅವರು ನನ್ನ ಮುಖ ನೋಡಿದರು. ಸೀಟಿಯನ್ನು ಮತ್ತೆ ತುಟಿಗಿಟ್ಟುಕೊಂಡರು. ಊದಲೂ ಇಲ್ಲ, ತೆಗೆಯಲೂ ಇಲ್ಲ.

ಮಗ ಮತ್ತೆ ಬಗ್ಗಿದ. ನನಗೆ ಕಾಣುತ್ತಿದ್ದುದು ಅವನ ಬೆನ್ನು. ಸೈಕಲ್ಲು ತುಳಿದು ಬಂದ ಧೂಳಿನ ಮೇಲೆ ಸ್ನಾನದ ನೀರು ಹರಿದು ಬೆನ್ನಿನ ಮೇಲೆ ಗೆರೆ ಗೆರೆ ಆಗಿತ್ತು. ಇಂಥ ವಿವರ ಇಷ್ಟು ವರ್ಷದ ಮೇಲೆ ಹೇಗೆ ಉಳಿಯಿತು ಎಂದು ನನಗೇ ಅನುಮಾನ. ಬಗ್ಗಿದವನು ಸ್ವಲ್ಪ ಹೊತ್ತು ಹಾಗೇ ಇದ್ದ. ಕೂಗು ನನ್ನ ಕಿವಿಗೆ ಬೀಳಲಿಲ್ಲ. ಆಮೇಲೆ ಎದ್ದ, ಮಡಕೆ ಹಿಡಿದುಕೊಂಡ. ಹೊತ್ತವರು ಈ ಸಲ ಮರೆಯದೆ ಮುಂದಿನವರು ಹಿಂದಕ್ಕೆ, ಹಿಂದಿನವರು ಮುಂದಕ್ಕೆ ಬಂದು ಚಟ್ಟ ಎತ್ತಿದರು. ಹೊಸಹೊಳಲಿನ ರಸ್ತೆಗೆ ತಿರುಗಿದರು. ಗುಂಪು ಅದರ ಹಿಂದೆಯೇ ಸರಿದು ಮತ್ತೆ ನಾಲ್ಕು ನಾಲ್ಕಾಗಿ ಬಿಡಿಬಿಡಿಯಾಗತೊಡಗಿತು. ಯಾರು ಯಾರ ನಾಲ್ಕಿನವರು ಎಂಬುದರ ಬಗ್ಗೆ ಸಣ್ಣ ತಕರಾರುಗಳಾದವು.

ಮೀಸಲು ಪೊಲೀಸರು ಟೋಪಿ ತೆಗೆದರು ಎಂದು ಬರೆಯಲು ಕೈ ಹೋಗುತ್ತದೆ. ತೆಗೆಯಲಿಲ್ಲ. ಲಾಠಿ ನೆಲಕ್ಕೂರಿದರು. ಒಬ್ಬ ಕೈ ಬದಲಾಯಿಸಿದ.

"ನಮ್ಮ ಕಡೆ ಹೆಣಾ ಕೂಡ್ರಿಸಿಕೊಂಡು ಒಯ್ಯತಾರ್ರೀ," ಎಂದರು ಅಧಿಕಾರಿ, ಸೀಟಿಯನ್ನು ಜೇಬಿಗೆ ಹಾಕಿಕೊಳ್ಳುತ್ತ. "ಹಾದಿಯೊಳಗ ನೆಲಕ್ಕ ಇಳಸೂದಿಲ್ಲ. ನೀವು ಮೊದಲ ಹೇಳಬೇಕಿತ್ತು."

"ಹೌದು," ಎಂದೆ.

ಆಗ ಸಾಲಿನ ಕೊನೆಯ ನಾಲ್ವರ ಹಿಂದೆ ಸಬ್ ಇನ್ಸ್‌ಪೆಕ್ಟರರು ಸೈಕಲ್ಲು ತಳ್ಳಿಕೊಂಡು ಬಂದರು. ನಡೆದದ್ದು ಅವರಿಗೆ ಗೊತ್ತಿರಲಿಲ್ಲ. ಬೆವರು ಒರೆಸಿಕೊಂಡು, "ಎಲ್ಲೂ ಐದಾಗಕ್ಕೆ ಬುಡ್ಲಿಲ್ಲ ಸಾರ್," ಎಂದರು.

ಇದರಿಂದ ಊರು ಶಾಂತವಾಯಿತು ಎಂದಲ್ಲ. ಮುಂದಿನ ಸಂತೆಯ ದಿನ ಮತ್ತೆ ಕಲ್ಲು ಬಿತ್ತು. ಆ ದಿನ ಆರ್ಡರ್ ಕೇಳಿದಾಗ ಕೊಟ್ಟೆ. ಅದೂ ಇದೇ ಜಗುಲಿಯಿಂದ. ತಲೆ ಒಡೆಸಿಕೊಂಡವರಲ್ಲಿ ಚಟ್ಟದ ಹಿಂದೆ ಎಣಿಸಿಕೊಂಡು ನಡೆದವರೂ ಇದ್ದಿರಬೇಕು. ಮುಖಗಳನ್ನು ನಾನು ಹೋಲಿಸಿ ನೋಡಲಿಲ್ಲ. ಲೆವಿಯ ಮೂಟೆಗಳು ಕೊನೆಗೆ ಲಾರಿ ಹತ್ತಿದವು.

ಮೂರನೆಯ ಕೂಗಿನ ವಿಷಯ ಮಾತ್ರ ಬಹಳ ದಿನ ನನ್ನನ್ನು ಬಿಡಲಿಲ್ಲ. ಅದು ಆಗಿತ್ತೋ ಇಲ್ಲವೋ? ಆಗದಿದ್ದರೆ ಆ ಚಟ್ಟವನ್ನು ಹಿಂದಕ್ಕೆ ತಂದು ಇಳಿಸಿದ್ದಕ್ಕೆ ಅರ್ಥವೇನು? ನಿವೃತ್ತರಾಗಿ ನಾಗಮಂಗಲದಲ್ಲಿ ಮನೆ ಕಟ್ಟಿಕೊಂಡಿದ್ದ ಸಬ್ ಇನ್ಸ್‌ಪೆಕ್ಟರರನ್ನು ಉತ್ತರ ಆಗಲೇ ಗೊತ್ತಿದ್ದೂ ಒಮ್ಮೆ ಕೇಳಿದೆ. "ಕೂಗ್ದ ಸಾರ್, ಕೂಗ್ದೆ ಏನು? ನಂಗೆ ಆ ತುದೀಗೇ ಕೇಳಿಸ್ತಲ್ಲ," ಎಂದರು. ಆ ತುದಿಗೆ ಕೇಳಿಸಿದ್ದು ಜಗುಲಿಗೆ ಕೇಳಿಸಲಿಲ್ಲವೇ ಎಂದು ನಾನು ವಾದಿಸಲಿಲ್ಲ. ಅವರು ಹೇಳುವ ರೀತಿಯಲ್ಲಿ ಮೂರು ಕೂಗೂ ಅಚ್ಚುಕಟ್ಟಾಗಿ ಒಂದರ ಹಿಂದೆ ಒಂದು ಬರುತ್ತಿದ್ದವು. ಸೀಟಿಯೇ ಇರಲಿಲ್ಲ.

ಅದಕ್ಕೂ ಹಿಂದೆ, ನನಗೆ ಕೆ.ಆರ್. ಪೇಟೆಯಿಂದ ವರ್ಗವಾದಾಗ, ಸಾಮಾನು ಕಟ್ಟಲು ಹಗ್ಗ ಬೇಕಾಗಿ ಆ ಅಂಗಡಿಗೆ ಹೋಗಿದ್ದೆ. ಜವಾನನನ್ನು ಕಳಿಸಬಹುದಿತ್ತು, ಕಳಿಸಲಿಲ್ಲ. ಮಗ ಗಲ್ಲಾಪೆಟ್ಟಿಗೆಯಿಂದ ಎದ್ದು ನಮಸ್ಕಾರ ಮಾಡಿದ. ತೆಂಗಿನ ನಾರಿನದೋ ಪುಂಡಿಯದೋ ಎಂದು ಕೇಳಿದ. ಪುಂಡಿಯದು ಎಂದೆ. ಸುರುಳಿಯಿಂದ ಎಳೆದು, ಎರಡು ಕೈ ಅಗಲಿಸಿ ಮಾರು ಹಾಕತೊಡಗಿದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕೇಳಿಯೇಬಿಟ್ಟೆ.

"ಆವತ್ತು ಮೂರನೆ ಸಲ ನನ್ನ ಕಿವಿಗೆ ಕೇಳಿಸಲೇ ಇಲ್ಲವಲ್ಲ?"

"ಕೂಗ್ಲಿಲ್ಲ ಸ್ವಾಮಿ."

"ಮತ್ತೆ?"

ಅವನು ಮಾರು ಹಾಕುವುದನ್ನು ನಿಲ್ಲಿಸಲಿಲ್ಲ. ಎಣಿಕೆ ತಪ್ಪದಂತೆ ನಡುನಡುವೆ ಹೇಳಿದ.

"ಕೂಗಿದ್ರೆ ಪೋಲೀಸ್ರು ಬಂದ್ಬುಡ್ತಾರೆ ಅಂತ... ನಾಲ್ಕು... ಮೆಲ್ಲುಕ್ಕೆ ಕಿವೀಲೇ ಅಂದೆ. ಐದು. ಬಸ್ ಇರ್ನಿಲ್ಲ ಕಣಪ್ಪ ಅಂದೆ. ಆರು. ಸಾಕಾ ಸ್ವಾಮಿ, ಇನ್ನೊಂದು ಆಕ್ಲಾ?"

ಇನ್ನೊಂದು ಹಾಕು ಎಂದೆ.